ಅಣ್ಣನ ಮನೆಯ ಮೇಲಿನ ಖೋಲಿ

ಹುಬ್ಬಳ್ಳಿಯಿಂದ ಹಿರೇಕೆರೂರಿಗೆ ಮೂರು ತಾಸಿನ ದಾರಿ. ನಡುವೆ ಚಹಾಕ್ಕೆ ನಿಂತರೂ ಮೂರೂವರೆ ತಾಸು ಆದೀತು. ನಾವು ಗಂಡ ಹೆಂಡತಿ ಅದಕ್ಕೆ ನಾಲ್ಕು ದಿನ ತೆಗೆದುಕೊಂಡೆವು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅನ್ನುತ್ತಾರಲ್ಲ, ಹಾಗೆ. ಗಾಡಿ ಕೆಟ್ಟಿರಲಿಲ್ಲ, ದಾರಿಯೂ ತಪ್ಪಿರಲಿಲ್ಲ. ನನಗೆ ಧೈರ್ಯ ಸಾಲಲಿಲ್ಲ, ಅಷ್ಟೇ.

ಹಿರೇಕೆರೂರು ನನ್ನ ತವರು. ಅಲ್ಲಿ ನನ್ನ ಅಣ್ಣ ಇದ್ದಾನೆ. ಅವನಿಗೆ ನಾನೊಬ್ಬಳೇ ತಂಗಿ, ನನಗೆ ಅವನೊಬ್ಬನೇ ಅಣ್ಣ. ಆರು ವರ್ಷದಿಂದ ಅವನು ನನ್ನೊಡನೆ ಮಾತಾಡಿರಲಿಲ್ಲ. ಅವ್ವ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಮನೆಯಲ್ಲೇ ಇರಲಿ ಅಂದವನು ಅವನು, ಹುಬ್ಬಳ್ಳಿಯ ದವಾಖಾನೆಗೆ ಒಯ್ಯಲೇಬೇಕು ಅಂದವಳು ನಾನು. ನಾನು ನರ್ಸ್. ಇಪ್ಪತ್ತೈದು ವರ್ಷ ವಾರ್ಡಿನಲ್ಲಿ ದುಡಿದಿದ್ದೇನೆ ಎಂಬ ಸೊಕ್ಕು ಬೇರೆ. ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ ನಾನು ಅವನಿಗೆ, "ಎಮ್ಮಿ ಕಾಯೋ ನಿನಗೇನ ತಿಳೀತೈತಿ?" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಬಾಯಿ ಮುಚ್ಚಿಕೊಂಡ, ನಾನು ಗೆದ್ದೆ. ಆಂಬುಲೆನ್ಸ್ ಶಿಗ್ಗಾಂವಿ ದಾಟುವುದರೊಳಗೆ ಅವ್ವ ಹೋಗಿಬಿಟ್ಟಳು.

ಅಲ್ಲಿಂದಲೇ ಗಾಡಿ ತಿರುಗಿಸಿದೆವು. ಅವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಅಣ್ಣ ಒಂದೇ ಮಾತು ಹೇಳಿದ: "ತನ್ನ ಮನ್ಯಾಗ ಸಾಯಬೇಕಂದಾಕಿನ್ನ ರಸ್ತೇದಾಗ ಸಾಯಿಸಿದಿ. ಇನ್ನ ಈ ಹೊಸ್ತಿಲಾ ತುಳೀಬ್ಯಾಡ."

ಸಿಟ್ಟಿನಲ್ಲಿ ಅಂದಿದ್ದಾನೆ, ಇಳಿಯುತ್ತದೆ ಅಂದುಕೊಂಡೆ. ಇಳಿಯಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ನಮ್ಮ ಕಡೆ ಪಂಚಮಿ ಹಬ್ಬಕ್ಕೆ ಅಣ್ಣನಾದವನು ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ರೂಢಿ. ಮದುವೆಯಾದಾಗಿನಿಂದ ಒಂದು ವರ್ಷವೂ ಅವನು ತಪ್ಪಿಸಿರಲಿಲ್ಲ. ಅವ್ವ ಹೋದ ಮೇಲೆ ಐದು ಪಂಚಮಿ ಬಂದುಹೋದವು. ಉಳಿದ ನರ್ಸ್‌ಗಳು ತವರಿಗೆ ಹೋಗಲು ರಜೆ ಬರೆಯುವಾಗ ನಾನು ಅವರ ಡ್ಯೂಟಿಯನ್ನೂ ನನ್ನ ಮೈಮೇಲೆ ಹಾಕಿಕೊಂಡೆ. ಎಲ್ಲರೂ ನನ್ನನ್ನು ಬಹಳ ಒಳ್ಳೆಯವಳು ಅಂದರು. ಮನೆಯಲ್ಲಿ ಕುಳಿತರೆ ಬಾಗಿಲ ಕಡೆಗೇ ಕಿವಿ ಹೋಗುತ್ತಿತ್ತು, ಅದಕ್ಕೆ ಹೋಗುತ್ತಿದ್ದೆ. ಒಳ್ಳೆಯತನ ಏನೂ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ನನ್ನ ವಾರ್ಡಿನಲ್ಲಿ ಒಬ್ಬ ಹೆಣ್ಣುಮಗಳು ಹದಿನೈದು ದಿನ ಇದ್ದಳು. ಅವಳ ಗಂಡ ಬೀಜದ ಕಂಪನಿಯಲ್ಲಿ ಕೆಲಸ ಮಾಡುವವನು, ಊರೂರು ತಿರುಗುವವನು. ಹಿರೇಕೆರೂರಿಗೆ ಹೋದಾಗ ಲಾಡ್ಜಿಗೆ ಹೋಗುವುದಿಲ್ಲ, ಒಂದು ಮನೆಯಲ್ಲಿ ಮೇಲಿನ ಖೋಲಿ ಬಾಡಿಗೆಗೆ ಕೊಡುತ್ತಾರೆ, ಅಲ್ಲೇ ಉಳಿಯುತ್ತೇನೆ ಅಂದ. "ಮನೀ ಮಂದೀಗತೆ ನೋಡ್ಕೋತಾರ್ರಿ ಸಿಸ್ಟರ್. ಆ ಮನುಷ್ಯಾ ತಾನ ನಿಂತು ಬಡಸ್ತಾನ." ಅಂಗಳದಲ್ಲಿ ಬೇವಿನ ಮರ, ಹಿತ್ತಲಲ್ಲಿ ಕಲ್ಲು ಕಟ್ಟಿದ ಬಾವಿ, ಎದುರಿಗೆ ಮಠದ ಗೋಡೆ ಎಂದು ಅವನು ಹೇಳುತ್ತ ಹೋದಂತೆ ನಾನು ಸಿರಿಂಜಿನ ಟ್ರೇ ಕೆಳಗಿಟ್ಟೆ. ಅದು ನನ್ನ ತವರುಮನೆ.

ಅವತ್ತೇ ನನ್ನ ತಲೆಯಲ್ಲಿ ಹಂಚಿಕೆ ಹುಟ್ಟಿತು. ತಂಗಿಯಾಗಿ ಹೋದರೆ ಹೊಸ್ತಿಲಲ್ಲೇ ತಿರುಗಿಸುತ್ತಾನೆ. ಖೋಲಿ ಹಿಡಿದ ಗಿರಾಕಿಯಾಗಿ ಹೋದರೆ? ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸುವ ವಂಶವಲ್ಲ ನಮ್ಮದು. ಅಪ್ಪ ಕೋರ್ಟಿನಲ್ಲಿ ತನ್ನ ವಿರುದ್ಧ ಸಾಕ್ಷಿ ಹೇಳಿದವನಿಗೂ ಮಳೆಗೆ ಸಿಕ್ಕಿಕೊಂಡು ಬಂದನೆಂದು ಹಾಸಿಗೆ ಹಾಸಿಕೊಟ್ಟವನು. ಅಣ್ಣ ಅಪ್ಪನ ಅಚ್ಚು. ಒಂದು ರಾತ್ರಿ ಒಳಗೆ ಬಿಟ್ಟರೆ ಸಾಕು, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ ಅಂದುಕೊಂಡೆ. ಪಂಚಮಿಯ ವಾರದಲ್ಲಿ ತನ್ನ ಪೈಕಿಯವರು ಇಬ್ಬರು ಬರುತ್ತಾರೆ ಎಂದು ಬೀಜದ ಕಂಪನಿಯವನಿಂದ ಫೋನ್ ಮಾಡಿಸಿದೆ. ನಮ್ಮ ಹೆಸರು ಹೇಳಬೇಡ ಎಂದೂ ಹೇಳಿದೆ.

ನಮ್ಮವರಿಗೆ ಇದು ಸೇರಲಿಲ್ಲ. "ಇದು ಮೋಸ ಆಗತೈತಿ ನೋಡು," ಅಂದರು.

"ನೀವು ಗಾಡಿ ಹೊಡೀರಿ, ಸಾಕು," ಅಂದೆ.

ಮೊದಲ ದಿನ ನೇರವಾಗಿ ಹೋಗುವುದೆಂದೇ ಹೊರಟಿದ್ದೆವು. ಶಿಗ್ಗಾಂವಿ ಹತ್ತಿರ ಬಂದಂತೆ ಹೆದ್ದಾರಿಯಲ್ಲಿ ಅವ್ವ ಹೋದ ಆ ಜಾಗ ಬಂತು. ಗುರುತಿಗೆ ಅಲ್ಲೇನೂ ಇಲ್ಲ, ಗೋವಿನಜೋಳದ ಹೊಲ, ಒಂದು ಪಂಕ್ಚರ್ ಅಂಗಡಿ. ಗಾಡಿ ತಿರುಗಿಸ್ರಿ ಅಂದೆ. ಅವರು ತಿರುಗಿಸಿದರು. ದಾರಿಯಲ್ಲಿ ಒಬ್ಬ ಚಹಾದಂಗಡಿಯವಳು ದುಂಡಸಿಯಲ್ಲಿ ಒಂದು ಮನೆಯವರು ಹೊಲದ ದಂಡೆಯಲ್ಲಿ ಖೋಲಿ ಕಟ್ಟಿಸಿ ಬಂದುಹೋಗುವವರನ್ನು ಇಳಿಸಿಕೊಳ್ಳುತ್ತಾರೆ ಅಂದಳು. ಅಲ್ಲಿಗೆ ಹೋದೆವು. ಬೀಜದ ಕಂಪನಿಯವನಿಗೆ ಫೋನ್ ಮಾಡಿ, ನಾಳೆ ಬರುತ್ತಾರೆಂದು ಹೇಳು ಅಂದೆ. ಮುಂದಿನ ಎರಡು ದಿನವೂ ಅದನ್ನೇ ಹೇಳಿಸಿದೆ.

ದುಂಡಸಿಯ ಆ ಮನೆಯಲ್ಲಿ ಹಿರಿಯಳು ಎಂದರೆ ಎಂಬತ್ತು ದಾಟಿದ ಅಜ್ಜಿ. ಮಗ, ಸೊಸೆ, ಬಂದ ಗಿರಾಕಿ ಎಲ್ಲರನ್ನೂ ಒಂದೇ ಬಡಿಗೆಯಲ್ಲಿ ಕಾಯುವವಳು. ನಾನು ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂರುವುದೇ ತಡ, ಹೆಸರು ಕೇಳಲಿಲ್ಲ, ನೌಕರಿ ಕೇಳಲಿಲ್ಲ.

"ತವರಮನಿ ಯಾವೂರಾಗವ್ವಾ?"

"ರಾಣೆಬೆನ್ನೂರ್ರಿ," ಅಂದೆ. ಯಾಕೆ ಹಾಗೆಂದೆನೋ. ಬಾಯಿಗೆ ಬಂತು.

"ಯಾರದಾರ ಅಲ್ಲಿ?"

"ಅಣ್ಣ ಅದಾನ್ರಿ."

"ಹಬ್ಬಕ್ಕ ಕರಿಯಾಕ ಬರ್ಲಿಲ್ಲೇನು?"

"ನಾವ ಹೊಂಟೇವ್ರಿ ಈಗ," ಅಂದೆ. ಅಜ್ಜಿ ನಮ್ಮವರ ಕಡೆಗೆ ತಿರುಗಿ, "ಹೆಂಡ್ತಿನ್ನ ತವರಿಗೆ ತಾನ ಬಿಟ್ಟು ಬರೋ ಗಂಡನ್ನ ಇವತ್ತ ನೋಡಿದೆ ನೋಡಪಾ," ಎಂದು ನಕ್ಕಳು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಲ್ಲ ತಂದು ಮುಂದಿಟ್ಟಳು. ಸೊಸೆ ರಾತ್ರಿ ಹೊದೆಯಲು ಕೌದಿ ಕೊಟ್ಟಳು, ಅವರ ಹಳೆಯ ಸೀರೆಗಳಿಂದ ಹೊಲಿದದ್ದು. ತವರಿಲ್ಲದವಳು ಎಂದು ಗೊತ್ತಿದ್ದರೆ ಇನ್ನೂ ಹೆಚ್ಚು ಮಾಡುತ್ತಿದ್ದರೇನೋ. ಅದಕ್ಕೇ ಹೇಳಲಿಲ್ಲ. ನನಗೆ ಮರುಕ ಅಂದರೆ ಆಗುವುದಿಲ್ಲ, ಹುಟ್ಟುಗುಣ.

ಎರಡನೆಯ ದಿನ ಬಂಕಾಪುರದ ಹತ್ತಿರ ಬಲಕ್ಕೆ ಹೋಗಬೇಕಾದಲ್ಲಿ ನಾನು ಎಡಕ್ಕೆ ಅಂದೆ. ನಮ್ಮವರು, "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಸುತ್ತು, ಎಷ್ಟ ಸುತ್ತತೀ ಸುತ್ತು," ಎಂದು ಸವಣೂರಿಗೆ ಹೊಡೆದರು.

ಸವಣೂರಿನಲ್ಲಿ ನಾವಿಳಿದದ್ದು ಮಠದ ಹಿಂದಿನ ಓಣಿಯ ಒಂದು ಆಚಾರ್ಯರ ಮನೆಯಲ್ಲಿ. ಆಚಾರ್ಯರು ಅಂದರೆ ಮನೆತನಕ್ಕೆ. ಯಜಮಾನರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಅವರ ಹೆಂಡತಿ ಶಾಲೆಯಲ್ಲಿ ಸಂಸ್ಕೃತ ಕಲಿಸಿದವರು. ಮಠಕ್ಕೆ ಬರುವವರಿಗೆಂದು ಹಿಂದಿನ ಎರಡು ಖೋಲಿ ತೆಗೆದಿಟ್ಟಿದ್ದರು. ನಾವು ಲಿಂಗವಂತರು ಎಂದು ಮೊದಲೇ ಹೇಳಿದೆ. "ಅದಕ್ಕೇನಾಗೋದದ? ಹಸಿವಿಗೆ ಜಾತಿ ಇರೂದಿಲ್ಲ. ಬರ್ರಿ, ಕೂಡ್ರಿ," ಅಂದರು ಆ ತಾಯಿ. ಮಾತು ಮೆತ್ತಗೆ, ನಗು ಇನ್ನೂ ಮೆತ್ತಗೆ. ಅಂಥವರ ಮುಂದೆ ನನ್ನ ಸುಳ್ಳು ಬೆಳೆಯುತ್ತ ಹೋಯಿತು. ಅಣ್ಣ ದಿನಾ ಫೋನ್ ಮಾಡುತ್ತಾನೆ ಅಂದೆ. ಎಲ್ಲಿಗೆ ಬಂದಿರಿ ಎಂದು ತಾಸಿಗೊಮ್ಮೆ ಕೇಳುತ್ತಾನೆ ಅಂದೆ. ನಮ್ಮವರು ಅವಲಕ್ಕಿಯ ತಾಟು ಹಿಡಿದುಕೊಂಡು ಹೊರಗೆ ಎದ್ದುಹೋದರು.

"ಅಣ್ಣನ ಫೋಟೋ ಅದ ಏನು? ತೋರಸ್ರಿ ನೋಡೋಣ," ಅಂದರು ಅವರು. ನನ್ನ ಫೋನಿನಲ್ಲಿದ್ದದ್ದು ಒಂದೇ, ಹಳೆಯ ಫೋಟೋವನ್ನು ಮತ್ತೆ ತೆಗೆದದ್ದು. ನನಗೆ ನರ್ಸಿಂಗ್ ಸೀಟು ಸಿಕ್ಕ ದಿನ ಬೇವಿನ ಮರದ ಕೆಳಗೆ ಇಬ್ಬರೂ ನಿಂತಿದ್ದೇವೆ, ಅವನ ಕೈಯಲ್ಲಿ ನನ್ನ ಟ್ರಂಕು. ಹೆಣ್ಣುಮಗಳನ್ನು ಹೊರಗೆ ಕಳಿಸುವುದು ಬೇಡ ಎಂದು ಅಪ್ಪ ಹಟ ಹಿಡಿದಾಗ ಅರ್ಜಿ ತುಂಬಿದವನು, ಊಟ ಬಿಟ್ಟು ಜಗಳಾಡಿದವನು ಅಣ್ಣನೇ. ಅವನಿಲ್ಲದಿದ್ದರೆ ನಾನು ನರ್ಸ್ ಆಗುತ್ತಿರಲಿಲ್ಲ. ಆ ನರ್ಸ್‌ತನವನ್ನೇ ಎತ್ತಿ ಅವನ ಮೇಲೆ ಬೀಸಿದೆನಲ್ಲ ನಾನು. ಆ ತಾಯಿ ಕನ್ನಡಕ ಏರಿಸಿಕೊಂಡು ಫೋಟೋ ನೋಡಿ, "ಭಾಳ ಅಂತಃಕರಣದವರು ಇದ್ದಾರ, ಮುಖದಾಗ ಕಾಣಸ್ತದ," ಅಂದರು. ನನಗೆ ಅಲ್ಲೇ ಅಳು ಬಂತು. ತವರಿನ ನೆನಪಾಗಿ ಅಳುತ್ತಿದ್ದಾಳೆ ಎಂದು ಅವರು ಬೆನ್ನು ಸವರಿದರು. ಹೊರಡುವಾಗ ತೋಟದಿಂದ ತರಿಸಿದ ನೂರು ವೀಳ್ಯದೆಲೆ, ಒಂದು ಪೊಟ್ಟಣ ಖಾರದ ತಿಂಡಿ ಕಟ್ಟಿಕೊಟ್ಟು, "ಎಲಿ ಅಣ್ಣನ ಕೈಯಾಗ ನೀವೇ ಕೊಡ್ರಿ," ಅಂದರು.

ಮೂರನೆಯ ದಿನ ಹಾನಗಲ್ಲಿನಲ್ಲಿ ಉಳಿದೆವು. ಅಲ್ಲಿಂದ ಹಿರೇಕೆರೂರಿಗೆ ಹೆಚ್ಚೆಂದರೆ ಒಂದೂವರೆ ತಾಸು, ಇನ್ನು ಸುತ್ತಲು ದಾರಿಯೇ ಉಳಿದಿರಲಿಲ್ಲ. ಮನೆ ಕಾಳುಕಡಿಯ ಒಬ್ಬ ಅಡತಿ ವ್ಯಾಪಾರಿಯದು, ನಡೆಸುತ್ತಿದ್ದವಳು ಅವನ ಹೆಂಡತಿ, ನನ್ನ ವಾರಿಗೆಯವಳು. ಅವತ್ತು ರೊಟ್ಟಿ ಹಬ್ಬ. ಅವಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ನಾನು ಸುಮ್ಮನೆ ಕೂರಲಾಗದೆ ಒಳಗೆ ಹೋಗಿ, ನನಗೂ ಒಂದು ಮುದ್ದೆ ಹಿಟ್ಟು ಕೊಡಿ ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾಡಿಗಿ ಕೊಟ್ಟು ರೊಟ್ಟಿ ಬಡಿಯಾಕ ಬಂದಾರ ನೋಡ ಇವ್ರು," ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಎರಡನೆಯ ರೊಟ್ಟಿ ಹಂಚಿಗೆ ಹಾಕುವಷ್ಟರಲ್ಲಿ ತವರಿನ ಪ್ರಶ್ನೆ ಬಂತು. ಈ ಸಲ ನನಗೆ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ. ನಮ್ಮವರಿಗೂ ಹೇಳದ ಒಂದು ಮಾತನ್ನೂ ಹೇಳಿದೆ. ಸ್ಟ್ರೆಚರಿನ ಮೇಲೆ ಹೊರಗೆ ಒಯ್ಯುವಾಗ ಅವ್ವ ಬಲಗೈ ಚಾಚಿ ತಲಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಮಾತು ನಿಂತು ಎರಡು ದಿನವಾಗಿತ್ತು, ಆದರೆ ಹಿಡಿತ ಬಲವಾಗಿತ್ತು. ಒಲ್ಲದ ರೋಗಿಯ ಹಿಡಿತ ಬಿಡಿಸುವ ರೀತಿ ನಮಗೆ ಗೊತ್ತಿರುತ್ತದೆ, ಕಿರುಬೆರಳಿನಿಂದ ಶುರು ಮಾಡಬೇಕು. ನಾನು ಹಾಗೆಯೇ ಒಂದೊಂದಾಗಿ ನನ್ನ ಅವ್ವನ ಬೆರಳು ಬಿಡಿಸಿದೆ.

ಹಾನಗಲ್ಲಿನವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನನಗೆ ಸಮಾಧಾನ ಹೇಳುತ್ತಾಳೆ ಅಂದುಕೊಂಡೆ. ಹೇಳಲಿಲ್ಲ.

"ನಿಮ್ಮ ಅಣ್ಣನ ಜಾಗಾದಾಗ ನಾ ಇದ್ರ ನಾನೂ ಮಾತಾಡ್ತಿರಲಿಲ್ಲ ನೋಡ್ರಿ," ಅಂದಳು.

ನನಗೆ ಸಿಟ್ಟು ಬಂತು. ಬಂದದ್ದು ಅವಳ ಮೇಲಲ್ಲ. ಹಂಚಿನ ಮೇಲಿನ ರೊಟ್ಟಿ ಹೊರಳಿಸಿ ಅವಳೇ ಕೇಳಿದಳು. "ಬೆರಳ ಬಿಡಿಸಿದ್ದು ಅವರಿಗೆ ಹೇಳೀರೇನು?"

"ಅಲ್ಲೇ ನಿಂತಿದ್ದ. ನೋಡ್ಯಾನ."

"ಅವ್ರು ನೋಡಿದ್ದು ಬ್ಯಾರೆ, ನೀವು ನಿಮ್ಮ ಬಾಯಲೆ ಹೇಳೂದು ಬ್ಯಾರೆ. ಮೊದಲ ಅದನ್ನ ಹೇಳ್ರಿ, ಆಮ್ಯಾಲೆ ಉಳದದ್ದು."

ಆರು ವರ್ಷದಲ್ಲಿ ನನಗೆ ಯಾರೂ ಕೊಡದ ಬುದ್ಧಿಮಾತು ಅದು. ಮರುದಿನ ಪಂಚಮಿ. ತಲೆಗೆ ಎರೆದುಕೊಂಡು ಇಳಕಲ್ಲ ಸೀರೆ ಉಟ್ಟು ಮಧ್ಯಾಹ್ನದ ಮೇಲೆ ಹೊರಟೆ. ಆಲದಕಟ್ಟಿಯೋ ಎಲ್ಲಿಯೋ ಒಂದು ಕಡೆ ಮರಕ್ಕೆ ಜೋಕಾಲಿ ಕಟ್ಟಿದ್ದರು, ಹೊಸ ಸೀರೆಯ ಹುಡುಗಿಯರು ಜೀಕುತ್ತಿದ್ದರು. ಜಿಟಿಜಿಟಿ ಮಳೆ. ನಮ್ಮವರು, "ಈಗರ ನೆಟ್ಟಗ ಹೋಗೂಣೋ, ಇಲ್ಲ ಇನ್ನೂ ಎಲ್ಲೆರ ತಿರುಗೂದೈತೋ?" ಅಂದರು. ನೆಟ್ಟಗ ಅಂದೆ.

ನಾವು ಮುಟ್ಟಿದಾಗ ಇಳಿಹೊತ್ತಾಗಿತ್ತು. ಅಣ್ಣ ಕಟ್ಟೆಯ ಮೇಲೆ ಕುಳಿತು ಗಿರಾಕಿಗಳ ದಾರಿ ನೋಡುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಗಾಡಿಯ ಬಾಗಿಲು ತೆಗೆದು ನಾನು ಇಳಿದೆ. ಅವನು ಎದ್ದು ನಿಂತ. ನನ್ನ ಮುಖ ನೋಡಿದ, ನಮ್ಮವರ ಮುಖ ನೋಡಿದ. ಕೈಯಲ್ಲಿದ್ದ ಅಡಕತ್ತನ್ನು ಜೇಬಿಗೆ ಹಾಕಿಕೊಂಡ.

"ಬೀಜದ ಕಂಪನಿ ಸಾಹೇಬ್ರು ಹೇಳಿದ್ದು ನಿಮ್ಮ ಸಲುವಾಗೇನ್ರಿ?" ಎಂದು ನಮ್ಮವರನ್ನು ಕೇಳಿದ.

"ಹೌದ್ರಿ," ಅಂದರು ಇವರು, ತಲೆ ಬಗ್ಗಿಸಿಕೊಂಡು.

"ಬರ್ರಿ. ಖೋಲಿ ಮ್ಯಾಲೈತಿ." ಕೆಳಗಿಳಿದು ಬಂದು ನನ್ನ ಕೈಯತ್ತ ಕೈ ಚಾಚಿದ. "ಬ್ಯಾಗ್ ಕೊಡ್ರಿ."

ನನಗೆ ಹೇಳಿದ ಮಾತು ಅದು. ಹುಟ್ಟಿದಾಗಿನಿಂದ ನನ್ನನ್ನು ಲೇ ಅಂದವನು, ಕೂಸೇ ಅಂದವನು. ಬ್ಯಾಗ್ ಕೊಟ್ಟೆ. ಅವನು ಮುಂದೆ, ನಾನು ಹಿಂದೆ. ಹೊಸ್ತಿಲು ದಾಟಿದೆ, ಅವನು ತಡೆಯಲಿಲ್ಲ. ನನ್ನ ಹಂಚಿಕೆ ಫಲಿಸಿತು ಎಂದು ಒಂದು ಗಳಿಗೆ ಖುಷಿಯೂ ಆಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಮೇಲಿನ ಖೋಲಿಯಲ್ಲಿ ಮೊದಲು ಕಾಳಿನ ಚೀಲ ಇರುತ್ತಿದ್ದವು, ಪರೀಕ್ಷೆಗೆ ನಾನು ಅವುಗಳ ನಡುವೆ ಕುಳಿತು ಓದುತ್ತಿದ್ದೆ. ಈಗ ತಿಳಿಹಸಿರು ಬಣ್ಣ, ಎರಡು ಮಂಚ, ಫ್ಯಾನು, ಮಡಿಸಿಟ್ಟ ಹೊಸ ಟವೆಲ್ಲು. ಬಾಗಿಲ ಹಿಂದೆ ಅಣ್ಣನ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಿತ್ತು: ಬಿಸಿನೀರು ಆರರಿಂದ, ನಾಷ್ಟಾ ಎಂಟಕ್ಕೆ, ಚಪ್ಪಲಿ ಕೆಳಗೆ. ಅವನು ನಮ್ಮವರಿಗೆ ಫ್ಯಾನಿನ ಸ್ವಿಚ್ಚು ತೋರಿಸಿದ, ಬಚ್ಚಲು ಎಲ್ಲಿದೆ ಎಂದು ಹೇಳಿದ. ಬಚ್ಚಲು ಎಲ್ಲಿದೆ ಎಂದು ನನಗೆ ಅವನು ಹೇಳಬೇಕೇ? ಆ ಬಚ್ಚಲ ಹಂಡೆಗೆ ಹತ್ತು ವರ್ಷ ಉರಿ ಹಚ್ಚಿದವಳು ನಾನು. ಆದರೂ "ಹೂಂ" ಎಂದು ತಲೆಯಾಡಿಸಿದೆ.

ಚಹಾ ತಂದವಳು ಅತ್ತಿಗೆ. ತಾಟು ಇಟ್ಟವಳೇ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿದ್ದವು. "ಹಿಂಗ್ಯಾಕ ಬಂದೆವ್ವಾ? ಅವರ ತಂಗಿ ಆಗಿ ಬಂದು ಬಾಗಲಾ ಬಡದಿದ್ರ ಬೈತಿದ್ರು, ಕೂಗಾಡ್ತಿದ್ರು, ಬಾಗಲಾ ಹಾಕ್ಕೋತಿದ್ರು. ಎಡ್ಡ ದಿನಾ ಕಟ್ಟಿಮ್ಯಾಲೆ ಕುಂತಿದ್ರ ಮೂರನೇ ದಿನಾ ಕರಗತಿದ್ರು. ಈಗ ಹೆಂಗ ಬೈತಾರ? ಮನಿಗೆ ಬಂದ ಗೆಸ್ಟಿಗೆ ಯಾರರ ಬೈತಾರೇನು?"

ಆಗ ನನಗೆ ತಿಳಿಯಿತು ನಾನೇನು ಮಾಡಿಕೊಂಡಿದ್ದೆ ಎಂದು. ಅವನಿಗೆ ಸಿಟ್ಟು ಮಾಡುವ ಹಾದಿಯನ್ನೂ ನಾನು ಮುಚ್ಚಿದ್ದೆ. ಆಂಬುಲೆನ್ಸ್ ತರಿಸಿದ ದಿನವೂ ಅವನ ಬಾಯಿ ಮುಚ್ಚಿಸಿದ್ದೆ, ಇವತ್ತೂ ಮುಚ್ಚಿಸಿದ್ದೆ, ಅಪ್ಪನಿಂದ ಅವನಿಗೆ ಬಂದ ಒಳ್ಳೆಯತನವನ್ನೇ ಅದಕ್ಕೆ ಬಳಸಿಕೊಂಡು.

ಊಟಕ್ಕೆ ಪಡಸಾಲೆಯಲ್ಲಿ ಮಣೆ ಹಾಕಿದ್ದರು. ಅಣ್ಣ ತಾನೇ ನಿಂತು ಬಡಿಸಿದ. ಹೂರಣದ ಕಡುಬು, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ತುಪ್ಪ ಸಾಕು ಅಂದರೂ ಹಾಕಿದ. "ಇನ್ನೊಂದ ಕಡಬ ಹಾಕ್ಕೊಳ್ರಿ. ನಾಚಕೋಬ್ಯಾಡ್ರಿ, ನಿಮ್ಮ ಮನಿ ಅಂತ ತಿಳಕೊಳ್ರಿ." ಬಂದವರಿಗೆಲ್ಲ ಹೇಳುವ ಮಾತು ಅದು. ತಾಟಿನಲ್ಲಿ ಬಿಟ್ಟರೆ ಊಟ ಸೇರಲಿಲ್ಲವೇನೋ ಎಂದು ಅವನು ಚಿಂತೆ ಮಾಡುತ್ತಾನೆ, ಗಿರಾಕಿಗಳ ಬಗ್ಗೆ ಅವನಿಗೆ ಅಷ್ಟು ಕಾಳಜಿ. ನೀರು ಕುಡಿದು ಕುಡಿದು ಉಂಡೆ.

ಉಂಡಾದ ಮೇಲೆ ಅವನು ಕಟ್ಟೆಗೆ ಹೋಗಿ ಕುಳಿತ. ಸವಣೂರಿನ ಎಲೆಯ ಕಟ್ಟು ತೆಗೆದುಕೊಂಡು ನಾನೂ ಹೋದೆ. ಅವನ ಮುಂದಿಟ್ಟೆ. ಅವನು ಕಟ್ಟು ಬಿಚ್ಚಿ, ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಎರಡು ಬೀಡಾ ಮಡಿಸಿದ. ಒಂದನ್ನು ನನಗೆ, ಒಂದನ್ನು ನಮ್ಮವರಿಗೆಂದು ಪಕ್ಕಕ್ಕೆ ಇಟ್ಟ. ತಾನು ಹಾಕಿಕೊಳ್ಳಲಿಲ್ಲ. ಎಲೆಗೆ ಜೀವ ಬಿಡುವ ಮನುಷ್ಯ.

ನಾನು ಹಾನಗಲ್ಲಿನವಳ ಮಾತು ನೆನೆದು ಬಾಯಿ ಬಿಟ್ಟೆ. "ಅಣ್ಣಾ, ಅವ್ವ ಚೌಕಟ್ಟು ಹಿಡಕೊಂಡಿದ್ಲು. ನಾನ ಬೆರಳ ಬಿಡಿಸಿದೆ. ತಪ್ಪಾತು."

ಅವನು ಎದುರಿನ ಮಠದ ಗೋಡೆ ನೋಡುತ್ತಿದ್ದ.

"ಗೊತ್ತೈತಿ," ಅಂದ. ಉಳಿದ ಎಲೆಯ ಕಟ್ಟು ಕಟ್ಟುತ್ತ, "ನೀ ಬಿಡಿಸೂಮುಂದ ನಾ ಅಲ್ಲೇ ನಿಂತಿದ್ದೆ. ಕೈ ಹಿಡದು ತಡದ್ರ ಆಗ್ತಿತ್ತು. ತಡೀಲಿಲ್ಲ. ಓದಿದಾಕಿ ಅದಾಳು, ಆಕಿಗೆ ತಿಳದೀತು ಅಂದೆ," ಅಂದ.

ಆರು ವರ್ಷ ನಾನು ಅವನು ನನ್ನ ಮೇಲೆ ಸಿಟ್ಟಾಗಿದ್ದಾನೆ ಅಂದುಕೊಂಡಿದ್ದೆ. ಸಿಟ್ಟು ಇತ್ತು, ಆದರೆ ಅದರ ಕೆಳಗೆ ಇದಿತ್ತು. ನನ್ನ ಮುಖ ನೋಡಿದರೆ ಅವನಿಗೆ ತನ್ನ ಕೈಯೇ ಕಾಣುತ್ತಿತ್ತು. ನಾನು ಅವನ ಕಾಲು ಹಿಡಿಯಲು ಬಗ್ಗಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡು ಎದ್ದ.

"ನಾಷ್ಟಾ ಎಂಟಕ್ಕ ಆಗತೈತ್ರಿ," ಅಂದು ಒಳಗೆ ಹೋದ.

ಕಾಳಿನ ಚೀಲಗಳಿದ್ದ ಆ ಖೋಲಿಯಲ್ಲಿ ನಾನು ಮಲಗಲಿಲ್ಲ, ಸುಮ್ಮನೆ ಬಿದ್ದುಕೊಂಡಿದ್ದೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಉಪ್ಪಿಟ್ಟು ಬಂತು. ನಮ್ಮವರು ಬಾಡಿಗೆ ಕೊಡಲು ಕೈ ಚಾಚಿದರು. ಬೇಡ ಅನ್ನಲಿ, ಒಂದು ಸಲ ಬೇಡ ಅನ್ನಲಿ ಎಂದು ನಾನು ಮನೆದೇವರಿಗೆ ಹರಕೆ ಹೊತ್ತೆ. ಅಣ್ಣ ತೆಗೆದುಕೊಂಡ.

ಹೊರಡುವಾಗ ಅತ್ತಿಗೆ ನನ್ನನ್ನು ಮಣೆಯ ಮೇಲೆ ಕೂರಿಸಿದಳು. ಬಂದ ಮುತ್ತೈದೆಯರಿಗೆಲ್ಲ ಅವಳು ಉಡಿ ತುಂಬಿಯೇ ಕಳಿಸುತ್ತಾಳಂತೆ. ಕುಂಕುಮ ಹಚ್ಚಿ, ಕುಬಸದ ಕಣ, ಕಾಯಿ, ಎಲೆ ಅಡಿಕೆ ಇಟ್ಟು, ಮೊರದಿಂದ ಐದು ಬೊಗಸೆ ಅಕ್ಕಿ ನನ್ನ ಸೆರಗಿಗೆ ಹಾಕಿದಳು. ಅಣ್ಣ ಚೌಕಟ್ಟಿನ ಹತ್ತಿರ ನಮ್ಮ ಬ್ಯಾಗ್ ಹಿಡಿದು ನಿಂತಿದ್ದ.

ತವರಿನಲ್ಲಿ ಉಡಿ ತುಂಬಿಸಿಕೊಂಡ ಹೆಣ್ಣುಮ‌ಗಳು ಆ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ತಿರುಗಿ ಮೊರಕ್ಕೆ ಹಾಕುತ್ತಾಳೆ. ನಾನು ಒಯ್ದರೂ ತವರಿನ ಕಣಜ ಬರಿದಾಗದಿರಲಿ ಎಂದು. ಮಂದಿಯ ಮನೆಯಲ್ಲಿ ಯಾರೂ ಹಾಗೆ ಹಾಕುವುದಿಲ್ಲ. ನಾನು ಯೋಚಿಸಿ ಮಾಡಲಿಲ್ಲ. ಇಪ್ಪತ್ತು ವರ್ಷ ಅದೇ ಪಡಸಾಲೆಯಲ್ಲಿ, ಅವ್ವನ ಮುಂದೆ ಕುಳಿತು ಮಾಡಿದ ಕೈ ಅದು, ತಾನಾಗಿಯೇ ಒಂದು ಹಿಡಿ ಅಕ್ಕಿ ತೆಗೆದು ಮೊರದ ಮೇಲೆ ಹೋಯಿತು.

"ಅದ ಬ್ಯಾಡ್ರಿ," ಅಂದ ಅಣ್ಣ.

ದನಿಯಲ್ಲಿ ಸಿಟ್ಟಿರಲಿಲ್ಲ. ಬಿಸಿನೀರು ಆರರಿಂದ ಅಂದ ಹಾಗೆಯೇ ಅಂದ.

"ಅದು ಮನೀ ಮಗಳು ಹಾಕೂದು."

ಅತ್ತಿಗೆ, "ಏನ್ರೀ..." ಎಂದು ಅಲ್ಲಿಗೇ ನಿಲ್ಲಿಸಿದಳು. ಅವರಿಗೆ ಮಕ್ಕಳಾಗಲಿಲ್ಲ. ಆ ಮನೆಗೆ ಮಗಳು ಅಂದರೆ ನಾನೊಬ್ಬಳೇ. ನಾನು ಹಾಕದಿದ್ದರೆ ಆ ಮೊರಕ್ಕೆ ಹಿಡಿ ಅಕ್ಕಿ ಹಾಕಲು ಇನ್ನು ಯಾರೂ ಇಲ್ಲ, ಅದು ಅವನಿಗೂ ಗೊತ್ತು. ನಾನು ಅವನ ಮುಖ ನೋಡಿದೆ. ಅವನು ಕೆಳಗೆ ನೋಡುತ್ತಿದ್ದ, ಬ್ಯಾಗಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದ.

ಮೊರದ ಮೇಲೆ ಚಾಚಿದ್ದ ಕೈಯನ್ನು ಹಿಂದಕ್ಕೆ ತಂದೆ. ಒಂದು ಕಾಳೂ ಕೆಳಗೆ ಬೀಳದ ಹಾಗೆ ಆ ಅಕ್ಕಿಯನ್ನು ನನ್ನ ಉಡಿಗೇ ತಿರುಗಿ ಹಾಕಿಕೊಂಡು ಎದ್ದೆ.